ಹತ್ತು ಸಲ ಬರೆದರೂ ಗ್ಲೈಕೊಲೈಸಿಸ್ ಯಾಕೆ ಮರೆಯುತ್ತದೆ?

ಪ್ರಶ್ನೆ: ಮೇಡಂ, ನಾನು ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದೇನೆ. ಊರು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ, ಅಪ್ಪ ಭತ್ತ ಬೆಳೆಯುತ್ತಾರೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅನಾಟಮಿ, ಫಿಸಿಯಾಲಜಿ ಹೇಗೋ ಸಾಗುತ್ತಿವೆ. ಬಯೋಕೆಮಿಸ್ಟ್ರಿಯಲ್ಲಿ ಮಾತ್ರ ಎರಡು ಇಂಟರ್ನಲ್ಸ್ ಫೇಲಾಗಿದ್ದೇನೆ. ರಾತ್ರಿ ಎರಡರವರೆಗೆ ಕೂತು ಗ್ಲೈಕೊಲೈಸಿಸ್ (ಜೀವಕೋಶ ಗ್ಲೂಕೋಸನ್ನು ಒಡೆಯುವ ಹತ್ತು ಹೆಜ್ಜೆ) ಹತ್ತು ಸಲ ಬರೆದೆ. ಮೂರನೇ ದಿನ ಐದನೇ ಹೆಜ್ಜೆ ದಾಟಲಾಗಲಿಲ್ಲ. ಒಂದು ಗ್ಲೂಕೋಸ್‌ನಿಂದ 38 ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಎಂದು ಒಂದು ಪುಸ್ತಕ ಹೇಳುತ್ತದೆ, 32 ಎಂದು ಇನ್ನೊಂದು, ನಮ್ಮ ಸರ್ 30 ಎಂದರು. ಯಾವುದನ್ನು ನಂಬಲಿ? ಪ್ರೋಟೀನ್ ಸಿಂಥೆಸಿಸ್ ಅಧ್ಯಾಯ ಇನ್ನೂ ತೆರೆದೇ ಇಲ್ಲ. ‘ಪಾಸಾಗೋ ತನಕ ಉರು ಹೊಡಿ, ಆಮೇಲೆ ಯಾರೂ ಕೇಳಲ್ಲ’ ಎಂದು ಸೀನಿಯರ್‌ಗಳು ಹೇಳುತ್ತಾರೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಈ ವಿಷಯ ತಲೆಗೆ ಹತ್ತುವುದಿಲ್ಲವೇ? ಪರೀಕ್ಷೆಗೆ ಎರಡೂವರೆ ತಿಂಗಳಿದೆ. ಸಾಲ ಮಾಡಿಯಾದರೂ ವಿಡಿಯೊ ಕೋಚಿಂಗ್ ಆ್ಯಪ್ ಕೊಳ್ಳಲೇ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕಾಗಿ ಕೂತಿವೆ. ಓದಿದ್ದು ನಿಲ್ಲುತ್ತಿಲ್ಲ, ಅದಕ್ಕೆ ಭಾಷೆ ಕಾರಣವಿರಬಹುದು ಎಂಬ ಅನುಮಾನ, ಇನ್ನು ಟೈಮ್ ಸಾಲದು ಎಂಬ ಭಯ. ಮೂರನ್ನೂ ಒಟ್ಟಿಗೆ ನೋಡಿದರೆ ಯಾರಿಗಾದರೂ ಎದೆ ನಡುಗುತ್ತದೆ. ಮೂವತ್ತು ವರ್ಷ ಈ ವಿಷಯ ಪಾಠ ಮಾಡಿದವಳು ನಾನು. ನನ್ನ ಮೊದಲ ಇಂಟರ್ನಲ್ಸ್‌ನಲ್ಲಿ ಬಂದದ್ದು 40ಕ್ಕೆ 11. ಹಾಗಾಗಿ ನಿಮ್ಮ ಪತ್ರ ಓದಿ ನನಗೇನೂ ಗಾಬರಿಯಾಗಲಿಲ್ಲ.

ಮೊದಲು ಆ 38ರ ಜಗಳ ಬಿಡಿಸೋಣ. ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಂದು ಗ್ಲೂಕೋಸ್ ಪೂರ್ತಿ ಉರಿದಾಗ ಎಟಿಪಿಗೆ ಸಮವಾದ ಜಿಟಿಪಿಯೂ ಸೇರಿ ನೇರವಾಗಿ ಕೈಗೆ ಬರುವ ಎಟಿಪಿ 4. ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯದ ಒಳಗೆ ಹುಟ್ಟುವ, ಹೈಡ್ರೋಜನ್ ಹೊತ್ತ ಎನ್‌ಎಡಿಎಚ್ 8, ಎಫ್‌ಎಡಿಎಚ್‌2 ಎರಡು. ಹೊರಗೆ, ಗ್ಲೈಕೊಲೈಸಿಸ್‌ನಲ್ಲಿ ಹುಟ್ಟುವ ಎನ್‌ಎಡಿಎಚ್ 2. ಈ ಲೆಕ್ಕ ಹಳೆಯ ಪುಸ್ತಕದಲ್ಲೂ ಇದೇ, ಹೊಸದರಲ್ಲೂ ಇದೇ. ಬದಲಾಗಿದ್ದು ವಿನಿಮಯ ದರ. ಹಿಂದೆ ಒಂದು ಎನ್‌ಎಡಿಎಚ್‌ಗೆ 3 ಎಟಿಪಿ, ಎಫ್‌ಎಡಿಎಚ್‌2ಗೆ 2 ಎಂದು ಇಡೀ ಸಂಖ್ಯೆ ಹಿಡಿಯುತ್ತಿದ್ದರು. 24, 4, 6, ಮೇಲೆ ಆ ನೇರದ 4, ಸೇರಿ 38. ಆಮೇಲೆ ಪೊರೆಯಾಚೆ ತಳ್ಳಲಾಗುವ ಪ್ರೋಟಾನ್‌ಗಳನ್ನು ಎಣಿಸಿದರು. ಒಂದು ಎನ್‌ಎಡಿಎಚ್ 10 ಪ್ರೋಟಾನ್ ತಳ್ಳುತ್ತದೆ, ಒಂದು ಎಟಿಪಿ ತಯಾರಾಗಿ ಹೊರಬೀಳಲು ಸುಮಾರು 4 ಪ್ರೋಟಾನ್ ಖರ್ಚು. ಹತ್ತನ್ನು ನಾಲ್ಕರಿಂದ ಭಾಗಿಸಿದರೆ 2.5. ಎಫ್‌ಎಡಿಎಚ್‌2 ತಳ್ಳುವುದು 6, ಅಲ್ಲಿಗೆ 1.5. ಹೊಸ ದರದಲ್ಲಿ ಒಳಗಿನದು 20 ಮತ್ತು 3, ನೇರದ್ದು 4, ಒಟ್ಟು 27. ಹೊರಗಿನ ಎರಡು ಎನ್‌ಎಡಿಎಚ್ ಮಾತ್ರ ತಾವೇ ಒಳಗೆ ಬರಲಾರವು, ದೋಣಿ ಹತ್ತಬೇಕು. ಹೃದಯ, ಯಕೃತ್ತಿನಲ್ಲಿ ಮ್ಯಾಲೇಟ್ ಷಟಲ್ ಎಂಬ ದೋಣಿಯಿದೆ, ಅದರಲ್ಲಿ ಬಂದರೆ ಪೂರ್ತಿ 5 ಸಿಗುತ್ತದೆ, ಮೊತ್ತ 32. ಗ್ಲಿಸರೋಫಾಸ್ಫೇಟ್ ಷಟಲ್ ಹತ್ತಿದರೆ ದಾರಿಯಲ್ಲೇ ಸುಂಕ ಕಟ್ಟಿ 3 ಉಳಿಯುತ್ತದೆ, ಮೊತ್ತ 30. ಪರೀಕ್ಷೆಯಲ್ಲಿ ಸಂಖ್ಯೆಯ ಜೊತೆಗೆ ದರವನ್ನೂ ಷಟಲ್‌ನ ಹೆಸರನ್ನೂ ಬರೆಯಿರಿ. ಆಗ ಯಾವ ಪರೀಕ್ಷಕರೂ ಅಂಕ ಕತ್ತರಿಸಲಾರರು.

ಈ ಲೆಕ್ಕ ನಾನು ಉರು ಹೊಡೆದದ್ದಲ್ಲ. ಪ್ರತಿ ಸಲ ಬೆರಳು ಮಡಚಿ ಎಣಿಸುತ್ತೇನೆ, ಇವತ್ತಿಗೂ. ನೀವು ಹತ್ತು ಸಲ ಬರೆದಾಗ ಆಗಿದ್ದು ಬೇರೆ. ಪುಸ್ತಕ ತೆರೆದಿಟ್ಟುಕೊಂಡು ನಕಲು ಮಾಡಿದಿರಿ ಎಂದು ಊಹಿಸುತ್ತೇನೆ. ಅದರಲ್ಲಿ ಕೈ ದಣಿಯುತ್ತದೆ, ನೆನಪು ಮಾತ್ರ ಕೆಲಸಕ್ಕೇ ಇಳಿಯುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮದೇ ಕಥೆ. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಓದಿ, ಮುಚ್ಚಿಟ್ಟು, ನೆನಪಾದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮೊದಲ ಗುಂಪೇ ಮುಂದಿತ್ತು. ಎರಡು ದಿನ, ಒಂದು ವಾರ ಬಿಟ್ಟು ಕೇಳಿದಾಗ ಎರಡನೆಯದು ಮುಂದಾಯಿತು. ಆ ರಾತ್ರಿ ಎರಡು ಗಂಟೆಗೆ ‘ಬಂತು’ ಅನ್ನಿಸಿತ್ತಲ್ಲ, ಅದು ಆ ಐದು ನಿಮಿಷದ ಗೆಲುವು. ನಿದ್ದೆ ಬಿಟ್ಟದ್ದು ಅದರ ಮೇಲಿನ ನಷ್ಟ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ.

ಇನ್ನು ಭಾಷೆ. ಫಾಸ್ಫೊಫ್ರಕ್ಟೊಕೈನೇಸ್ ಎಂಬುದು ಇಂಗ್ಲಿಷ್ ಮೀಡಿಯಂ ಹುಡುಗನ ಮನೆಯಲ್ಲೂ ಯಾರೂ ಆಡದ ಮಾತು. ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಹೊಲಿದು ಮಾಡಿದ ಹೆಸರುಗಳಿವು, ಎಲ್ಲರಿಗೂ ಪರಕೀಯ. ಒಂದು ಒಳ್ಳೆಯ ಗುಣವೆಂದರೆ ಹೆಸರೇ ಕೆಲಸ ಹೇಳಿಬಿಡುತ್ತದೆ. ಕೈನೇಸ್ ಎಂದರೆ ಎಟಿಪಿಯಿಂದ ಫಾಸ್ಫೇಟ್ ತೆಗೆದು ಕೂರಿಸುವುದು. ಡಿಹೈಡ್ರೋಜಿನೇಸ್ ಎಂದರೆ ಹೈಡ್ರೋಜನ್ ಕಿತ್ತುಕೊಳ್ಳುವುದು, ಹಾಗಾಗಿ ಪಕ್ಕದಲ್ಲಿ ಎನ್‌ಎಡಿಯೋ ಎಫ್‌ಎಡಿಯೋ ಚೀಲ ಹಿಡಿದು ನಿಂತಿರಲೇಬೇಕು. ಐಸೊಮರೇಸ್ ಇದ್ದದ್ದನ್ನೇ ಜೋಡಣೆ ಬದಲಿಸುತ್ತದೆ. ಕಾರ್ಬಾಕ್ಸಿಲೇಸ್ ಇಂಗಾಲದ ಡೈಆಕ್ಸೈಡ್ ಅಂಟಿಸುತ್ತದೆ, ಸಾಮಾನ್ಯವಾಗಿ ಬಯೋಟಿನ್ ಎಂಬ ಕೈಯಿಂದ. ಇಂಥ ಏಳೆಂಟು ತುಂಡುಗಳು ಗೊತ್ತಾದರೆ ಅರ್ಧ ಹೆಜ್ಜೆಗಳನ್ನು ಓದದೆಯೇ ಬರೆಯಬಹುದು. ಹತ್ತನೇ ತರಗತಿಯಲ್ಲಿ ನೀವು ಓದಿದ ‘ಕಿಣ್ವ’ವೇ ಈ ಎಂಝೈಮ್. ನಿಮಗೆ ನಿಜವಾಗಿ ತೊಡಕಾಗುವುದು ಉತ್ತರವನ್ನು ಇಂಗ್ಲಿಷ್ ವಾಕ್ಯದಲ್ಲಿ ಬೇಗ ಬರೆಯುವುದು. ಅದಕ್ಕೆ ಬೇರೆ ಅಭ್ಯಾಸ ಬೇಕು, ಅದನ್ನು ಆಮೇಲೆ ಹೇಳುತ್ತೇನೆ. ಅರ್ಥ ಮಾಡಿಕೊಳ್ಳುವ ಕೆಲಸ ಕನ್ನಡದಲ್ಲೇ ನಡೆಯಲಿ.

ಹೇಗೆ ಅರ್ಥ ಮಾಡಿಕೊಳ್ಳುವುದು? ನಿಮ್ಮ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ. ಮೇಲಿನವರು ಗೇಟು ಎತ್ತಿದರೆ ಕೆಳಗಿನ ಗದ್ದೆ ಬಿರುಕು ಬಿಡುವುದನ್ನು ನಾನು ನಿಮಗೆ ವಿವರಿಸಬೇಕಿಲ್ಲ. ಮೆಟಬಾಲಿಸಂ, ಅಂದರೆ ಮೈಯೊಳಗಿನ ರಾಸಾಯನಿಕ ಕ್ರಿಯೆಗಳು, ಅಂಥದೇ ಒಂದು ಕಾಲುವೆ ಜಾಲ. ಗ್ಲೈಕೊಲೈಸಿಸ್‌ನ ಹತ್ತು ಹೆಜ್ಜೆಯಲ್ಲಿ ಏಳು ಬರೀ ಕಾಲುವೆ, ನೀರು ಎತ್ತ ಬೇಕಾದರೂ ಹರಿಯುತ್ತದೆ. ಮೂರು ಮಾತ್ರ ಗೇಟು: ಹೆಕ್ಸೊಕೈನೇಸ್, ಫಾಸ್ಫೊಫ್ರಕ್ಟೊಕೈನೇಸ್, ಪೈರುವೇಟ್ ಕೈನೇಸ್. ದೇಹ ನಿಗಾ ಇಡುವುದು ಅಲ್ಲೇ. ಇನ್ಸುಲಿನ್, ಗ್ಲೂಕಗಾನ್ ಹಾರ್ಮೋನುಗಳು ಕೈ ಹಾಕುವುದು ಅಲ್ಲೇ. ಗ್ಲೂಕೋಸನ್ನು ಹೊಸದಾಗಿ ತಯಾರಿಸುವಾಗ ಯಕೃತ್ತು ಸುತ್ತು ಹಾಕಿ ಬೇರೆ ಕಿಣ್ವ ಬಳಸುವುದೂ ಈ ಮೂರು ಕಡೆಯೇ. ಆದ್ದರಿಂದ ಒಂದನೇ ಹೆಜ್ಜೆಯಿಂದ ಹತ್ತನೆಯದಕ್ಕೆ ಓಡುವುದು ಬಿಡಿ. ಗೇಟುಗಳನ್ನು ಮೊದಲು ನೆಡಿ, ಆಮೇಲೆ ನಡುವಿನದನ್ನು ತುಂಬಿ. ಪ್ರತಿ ಗೇಟಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳಿ: ಇದು ಮುಚ್ಚಿದರೆ ಮೇಲೆ ಏನು ತುಂಬುತ್ತದೆ? ಕೆಳಗೆ ಏನು ಒಣಗುತ್ತದೆ?

ಒಂದು ನಿಜ ಘಟನೆ ಹೇಳುತ್ತೇನೆ. ವರ್ಷಗಳ ಹಿಂದೆ, ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ, ದೂರದ ಹಳ್ಳಿಯಿಂದ ಒಂದು ರಕ್ತದ ಸ್ಯಾಂಪಲ್ ಬಂತು. ಬೇಸಿಗೆ. ಬಸ್ಸಿನಲ್ಲಿ ನಾಲ್ಕೈದು ಗಂಟೆ ಕಳೆದಿತ್ತು. ಶುಗರ್ 48 ಬಂತು. ಗಾಬರಿಯಾಗಿ ಫೋನ್ ಮಾಡಿದರೆ ರೋಗಿ ಆರಾಮಾಗಿ ಚಹಾ ಕುಡಿಯುತ್ತಿದ್ದಾರಂತೆ. ನೋಡಿದರೆ ಬೂದು ಮುಚ್ಚಳದ ಟ್ಯೂಬಿನ ಬದಲು ಸಾದಾ ಟ್ಯೂಬಿಗೆ ರಕ್ತ ತೆಗೆದಿದ್ದರು. ಕೆಂಪು ರಕ್ತಕಣಕ್ಕೆ ಮೈಟೊಕಾಂಡ್ರಿಯ ಇಲ್ಲ, ಗ್ಲೈಕೊಲೈಸಿಸ್ ಒಂದೇ ಅದರ ಊಟ. ಟ್ಯೂಬಿನಲ್ಲಿ ಕೂತರೂ ಅದು ತಿನ್ನುವುದು ನಿಲ್ಲಿಸುವುದಿಲ್ಲ. ಸಾಮಾನ್ಯ ತಾಪಮಾನದಲ್ಲೇ ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸ್ ಖರ್ಚಾಗುತ್ತದೆ, ಬಿಸಿಲಲ್ಲಿ ಇನ್ನೂ ಜಾಸ್ತಿ. ಬೂದು ಮುಚ್ಚಳದ ಟ್ಯೂಬಿನೊಳಗೆ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದು ಇನೋಲೇಸ್ ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ.

ಈಗ ನಿಮ್ಮ ಕಾಲುವೆ ಬುದ್ಧಿ ಬಳಸಿ. ಇನೋಲೇಸ್ ಇರುವುದು ಒಂಬತ್ತನೇ ಹೆಜ್ಜೆಯಲ್ಲಿ, ಹೆಚ್ಚುಕಡಿಮೆ ಬಾಲದಲ್ಲಿ. ಬಾಲದ ತೂಬು ಮುಚ್ಚಿದ ತಕ್ಷಣ ತಲೆಯಲ್ಲಿ ನೀರು ನಿಲ್ಲುತ್ತದೆಯೇ? ಇಲ್ಲ. ನಡುವಿನ ಕಾಲುವೆಯೆಲ್ಲ ತುಂಬಿ ಒತ್ತುವವರೆಗೆ ಮೇಲಿಂದ ಹರಿಯುತ್ತಲೇ ಇರುತ್ತದೆ. ಫ್ಲೋರೈಡ್ ಹಾಕಿದ ರಕ್ತದಲ್ಲೂ ಮೊದಲ ಒಂದೆರಡು ಗಂಟೆ ಗ್ಲೂಕೋಸ್ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಸ್ಯಾಂಪಲನ್ನು ಐಸಿನಲ್ಲಿಡಿ, ಬೇಗ ಪ್ಲಾಸ್ಮಾ ಬೇರ್ಪಡಿಸಿ ಎನ್ನುವುದು. ಈಚಿನ ಸಿಟ್ರೇಟ್ ಟ್ಯೂಬುಗಳು ರಕ್ತವನ್ನು ಆಮ್ಲೀಯ ಮಾಡಿ ತಲೆಯ ಗೇಟುಗಳನ್ನೇ ಮುಚ್ಚುತ್ತವೆ, ಹಾಗಾಗಿ ಕೂಡಲೇ ಕೆಲಸ ಮಾಡುತ್ತವೆ. ಇನೋಲೇಸ್ ಎಷ್ಟನೇ ಹೆಜ್ಜೆ ಎಂಬುದು ಇನ್ನು ನಿಮಗೆ ಮರೆಯಲಿಕ್ಕಿಲ್ಲ. ಮತ್ತೆ, ‘ಆಮೇಲೆ ಯಾರೂ ಕೇಳಲ್ಲ’ ಎಂದ ಸೀನಿಯರ್‌ಗಳಿಗೆ ಆ 48ರ ರಿಪೋರ್ಟ್ ಕೈಗೆ ಬಂದರೆ ಏನು ಮಾಡುತ್ತಾರೆ ಎಂದು ಕೇಳಿ ನೋಡಿ.

ಕಿಣ್ವಗಳ ಅಧ್ಯಾಯಕ್ಕೆ ಅಡುಗೆಮನೆಯಿಂದ ಶುರು ಮಾಡಿ. ರಜೆಗೆ ಊರಿಗೆ ಹೋದಾಗ ಗಟ್ಟಿಯಾಗಿ ರಾಗಿ ಗಂಜಿ ಕಾಯಿಸಿ ಎರಡು ಬಟ್ಟಲಿಗೆ ಹಾಕಿ, ಬೆರಳು ತಡೆಯುವಷ್ಟು ಆರಲಿ. ಮೊಳಕೆ ಕಟ್ಟಿ, ಒಣಗಿಸಿ, ಹುರಿಯದೆ ಬೀಸಿದ ರಾಗಿ ಹಿಟ್ಟು ಒಂದು ಚಮಚ ಒಂದಕ್ಕೆ ಹಾಕಿ ಕಲಕಿ. ಇನ್ನೊಂದಕ್ಕೆ ಅದೇ ಹಿಟ್ಟನ್ನು ನೀರಲ್ಲಿ ಚೆನ್ನಾಗಿ ಕುದಿಸಿ ಹಾಕಿ. ಸ್ವಲ್ಪ ಹೊತ್ತಿಗೆ ಮೊದಲನೆಯದು ನೀರಾಗುತ್ತದೆ, ಎರಡನೆಯದು ಗಟ್ಟಿಯಾಗೇ ಇರುತ್ತದೆ. ಮೊಳಕೆಯಲ್ಲಿದ್ದ ಅಮೈಲೇಸ್ ಪಿಷ್ಟದ ಉದ್ದ ಸರಪಳಿಯನ್ನು ಕತ್ತರಿಸಿತು, ಕುದಿಸಿದ ಅಮೈಲೇಸ್ ತನ್ನ ಆಕಾರವನ್ನೇ ಕಳೆದುಕೊಂಡಿತ್ತು. ನಿಮ್ಮ ಪುಸ್ತಕದ ‘ಡಿನೇಚುರೇಶನ್’ ಇದೇ. (ಜೋಳದ ಮೊಳಕೆಯಲ್ಲಿ ಈ ಪ್ರಯೋಗ ಬೇಡ. ಎಳೆ ಜೋಳದ ಬೆಳೆಗೆ ದನ ಬಿಡಬಾರದು ಎಂದು ನಿಮ್ಮ ಅಪ್ಪನೂ ಹೇಳಿರುತ್ತಾರೆ. ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ, ಮೊಳಕೆಯಲ್ಲೂ ಇದೆ. ಸಯನೈಡ್ ಮುಚ್ಚುವುದು ಉಸಿರಾಟ ಸರಪಳಿಯ ಕಟ್ಟಕಡೆಯ ಗೇಟು, ಸೈಟೋಕ್ರೋಮ್ ಆಕ್ಸಿಡೇಸ್. ರಕ್ತದ ತುಂಬ ಆಕ್ಸಿಜನ್ ಇದ್ದರೂ ಜೀವಕೋಶ ಅದನ್ನು ಬಳಸಲಾರದು.)

ಕಿಣ್ವಕ್ಕೆ ಬೀಳುವ ಪೈಪೋಟಿಯ ತಡೆ ಮತ್ತು ಖಾಯಂ ತಡೆ, ಇವೆರಡರ ಗ್ರಾಫ್ ನೋಡಿ ಎಲ್ಲರೂ ತಬ್ಬಿಬ್ಬಾಗುತ್ತಾರೆ. ಗ್ರಾಫಿಗೆ ಮೊದಲು ರೋಗಿಗಳನ್ನು ನೋಡಿ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರರಷ್ಟು ಜನ ಸತ್ತರು. ಇಂಥ ದುರಂತಗಳಲ್ಲಿ ಕೊಲ್ಲುವುದು ಮೆಥನಾಲ್. ಅದೇನೂ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಯಕೃತ್ತಿನ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಆಸ್ಪತ್ರೆಯಲ್ಲಿ ಎಥನಾಲನ್ನೇ ಮದ್ದಾಗಿ ಕೊಡುವುದುಂಟು. ಕಿಣ್ವದಲ್ಲಿ ಮೆಥನಾಲ್ ಕೂರಬೇಕಾದ ಅದೇ ಕುರ್ಚಿಗೆ ಎಥನಾಲ್ ಬಂದು ಕೂತುಬಿಡುತ್ತದೆ, ಆ ಕಿಣ್ವಕ್ಕೆ ಅದರ ಮೇಲೇ ಒಲವು ಹೆಚ್ಚು. ಮೆಥನಾಲ್ ಹಾಗೆಯೇ ಮೈಯಿಂದ ಹೊರಟುಹೋಗುತ್ತದೆ. ಇದು ಪೈಪೋಟಿ. ಕೀಟನಾಶಕ ಕುಡಿದವರ ಸ್ಥಿತಿ ಬೇರೆ. ಅದರಲ್ಲಿನ ಆರ್ಗ್ಯಾನೋಫಾಸ್ಫೇಟ್, ನರದ ಸಂದೇಶವನ್ನು ಆರಿಸುವ ಕಿಣ್ವವಾದ ಅಸಿಟೈಲ್‌ಕೋಲೀನ್ ಎಸ್ಟರೇಸ್‌ಗೆ ಅಂಟಿದರೆ ಕುರ್ಚಿಗೆ ಮೊಳೆ ಹೊಡೆದಂತೆ. ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಾಗುತ್ತದೆ, ಎದೆಯೆಲ್ಲ ಕಫ. ಬೇಗ ಕೊಟ್ಟರೆ ಪ್ರಾಲಿಡಾಕ್ಸಿಮ್ ಆ ಮೊಳೆ ಕೀಳಬಲ್ಲದು, ತಡವಾದರೆ ಮೊಳೆ ತುಕ್ಕು ಹಿಡಿದು ಕೂತಿರುತ್ತದೆ. ಭತ್ತ, ಹತ್ತಿಯ ಸೀಮೆಯಲ್ಲಿ ಕೆಲಸ ಮಾಡುವ ಡಾಕ್ಟರು ಈ ಪುಟವನ್ನು ಮರೆಯುವಂತಿಲ್ಲ.

ತೆರೆಯದ ಆ ಅಧ್ಯಾಯದ ಬಗ್ಗೆ ಒಂದು ಗುಟ್ಟು: ಪ್ರೋಟೀನ್ ಸಿಂಥೆಸಿಸ್ ಗ್ಲೈಕೊಲೈಸಿಸ್‌ಗಿಂತ ಸುಲಭ. ಸುತ್ತು ಇಲ್ಲ, ಒಂದೇ ದಿಕ್ಕು. ಆರ್‌ಎನ್‌ಎ ಸಂದೇಶದ ಅಕ್ಷರ ನಾಲ್ಕು, ಮೂರಕ್ಷರದ ಪದ 64, ಅದರಲ್ಲಿ 3 ಪೂರ್ಣವಿರಾಮ, ಉಳಿದ 61 ಪದಗಳು 20 ಅಮೈನೋ ಆಮ್ಲಗಳಿಗೆ. 1961ರಲ್ಲಿ ನೈರೆನ್‌ಬರ್ಗ್ ಮತ್ತು ಮಥೈ ಬರೀ ಯು ಅಕ್ಷರದ ಆರ್‌ಎನ್‌ಎ ಹಾಕಿದಾಗ ಬರೀ ಫಿನೈಲ್‌ಅಲನೈನ್‌ನ ಸರ ಸಿಕ್ಕಿತು. ಅಲ್ಲಿಂದ ಆ ನಿಘಂಟು ತೆರೆದುಕೊಂಡಿತು. ಬಾಕಿ ಪದಗಳನ್ನು ಬಿಡಿಸುವಲ್ಲಿ ನಮ್ಮ ಹರಗೋಬಿಂದ ಖುರಾನಾ ಅವರ ಕೈವಾಡವಿದೆ, 1968ರ ನೊಬೆಲ್‌ನಲ್ಲಿ ಅವರದೂ ಪಾಲು. ಇದರಲ್ಲೂ ಹೆಜ್ಜೆ ಉರು ಹೊಡೆಯಬೇಡಿ, ತಪ್ಪಿದ್ದನ್ನು ಹಿಡಿದು ಓದಿ. ಜಿಎಜಿ ಎಂಬಲ್ಲಿ ಜಿಯುಜಿ ಆಯಿತು, ಹಿಮೋಗ್ಲೋಬಿನ್ನಿನ ಭಾಗವಾದ ಬೀಟಾ ಗ್ಲೋಬಿನ್‌ನ ಆರನೇ ಜಾಗದಲ್ಲಿ ಗ್ಲುಟಮಿಕ್ ಆಮ್ಲದ ಬದಲು ವ್ಯಾಲೀನ್ ಬಂತು, ಕುಡಗೋಲು ಕಣ ರೋಗವಾಯಿತು. ಚಾಮರಾಜನಗರದ ಸೋಲಿಗರ ಹಾಡಿಗಳಲ್ಲಿ ಇದು ಇವತ್ತಿನ ನೋವು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯದ ರೈಬೊಸೋಮಿನ, ಅಂದರೆ ಪ್ರೋಟೀನ್ ಕಟ್ಟುವ ಯಂತ್ರದ, ಸಣ್ಣ ಭಾಗ ಹಿಡಿಯುತ್ತದೆ, ಅಜಿತ್ರೊಮೈಸಿನ್ ದೊಡ್ಡ ಭಾಗ. ನಮ್ಮ ರೈಬೊಸೋಮಿನ ಅಳತೆ ಬೇರೆ, ಅದಕ್ಕೇ ಮಾತ್ರೆ ನುಂಗಿದವರು ಉಳಿದು ಬ್ಯಾಕ್ಟೀರಿಯ ಸಾಯುತ್ತದೆ. ಈ ಅಧ್ಯಾಯವನ್ನು ನಾಳೆಯೇ ತೆರೆಯಿರಿ. ಒಂದು ಗೆಲುವು ಸಿಕ್ಕರೆ ಉಳಿದದ್ದಕ್ಕೆ ಧೈರ್ಯ ಬರುತ್ತದೆ.

ಇನ್ನು ಎರಡೂವರೆ ತಿಂಗಳು. ಹಳೆಯ ಪ್ರಶ್ನೆಪತ್ರಿಕೆ ಉರು ಹೊಡೆದು ಪಾಸಾಗುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಪ್ರಶ್ನೆಯನ್ನು ಒಬ್ಬ ರೋಗಿಯ ಕಥೆಯಾಗಿ ತಿರುಗಿಸಿದರೆ ಅಥವಾ ವೈವಾದಲ್ಲಿ ‘ಯಾಕೆ’ ಎಂದು ಕೇಳಿದರೆ ಅವರ ಬಾಯಿ ಕಟ್ಟುತ್ತದೆ. ಆ್ಯಪ್‌ನಲ್ಲಿ ಒಳ್ಳೆಯ ಪಾಠಗಳಿರಬಹುದು. ಅಪಾಯವೆಂದರೆ ನೋಡುವಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ, ಆ ಹತ್ತು ಸಲದ ನಕಲಿನ ಹಾಗೆ. ಸಾಲ ಮಾಡಿ ಕೊಳ್ಳಬೇಡಿ. ಪುಕ್ಕಟೆ ಸಿಗುವುದನ್ನು ಅರ್ಧ ಗಂಟೆ ನೋಡಿ, ಮುಚ್ಚಿ, ಬರೆಯಿರಿ. ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತೇನೆ ಎಂಬ ಹಟವೂ ಬೇಡ, ಕಾರ್ಬೋಹೈಡ್ರೇಟ್ ಮುಗಿಯುವ ಹೊತ್ತಿಗೆ ಹಾಲ್ ಟಿಕೆಟ್ ಬಂದಿರುತ್ತದೆ.

ನನ್ನ ಸಲಹೆ ಇದು. ಬೆಳಿಗ್ಗೆ ಎದ್ದು, ಪುಸ್ತಕ ಮುಟ್ಟುವ ಮೊದಲು, ಖಾಲಿ ಹಾಳೆಯಲ್ಲಿ ನಿನ್ನೆಯ ದಾರಿ ಬರೆಯಿರಿ. ಗೇಟು ಮೊದಲು. ಗೊತ್ತಾಗದ ಕಡೆ ಖಾಲಿ ಬಿಡಿ, ಆಮೇಲೆ ಕೆಂಪು ಪೆನ್ನಿನಿಂದ ತುಂಬಿ. ಮೂರು ದಿನ ಬಿಟ್ಟು ಅದೇ ದಾರಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಸಂಜೆ ರೂಮ್‌ಮೇಟ್‌ಗೆ ಕನ್ನಡದಲ್ಲಿ ಹೇಳಿ, ರಾತ್ರಿ ಅದನ್ನೇ ಹತ್ತು ಸಣ್ಣ ಇಂಗ್ಲಿಷ್ ವಾಕ್ಯವಾಗಿ ಗಡಿಯಾರ ಇಟ್ಟು ಬರೆಯಿರಿ. ಇದನ್ನು ತಪ್ಪಿಸಿದರೆ ವಿಷಯ ಗೊತ್ತಿದ್ದೂ ಅಂಕ ಬರುವುದಿಲ್ಲ, ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಈ ದಾರಿಗೂ ನಷ್ಟವಿದೆ: ಮೊದಲ ಎರಡು ವಾರ ಹಾಳೆ ತುಂಬ ಕೆಂಪೇ ಇರುತ್ತದೆ, ಪಕ್ಕದವರು ನಾಲ್ಕು ಅಧ್ಯಾಯ ಮುಗಿಸಿರುತ್ತಾರೆ, ನೀವು ಒಂದೂವರೆ. ಎಲ್ಲ ಅಧ್ಯಾಯವೂ ಮುಗಿಯುವುದಿಲ್ಲ. ಹಾಗಾಗಿ ಬಿಡುವುದನ್ನು ಈಗಲೇ ಆರಿಸಿ. ಪ್ಯೂರೀನ್ ಕಟ್ಟುವ ಹೆಜ್ಜೆಗಳ ರಚನಾಚಿತ್ರ ಬಿಡಿ, ಯೂರಿಕ್ ಆಮ್ಲ ಮತ್ತು ಗೌಟ್ ಸಾಕು. ಕೊಲೆಸ್ಟರಾಲ್‌ನ ಉದ್ದದ ಪಟ್ಟಿ ಬಿಡಿ, ಸ್ಟ್ಯಾಟಿನ್ ಮುಚ್ಚುವ ಒಂದು ಗೇಟು ಸಾಕು. ಕೀಟೋನ್‌ಗಳು, ಯೂರಿಯಾ ಸೈಕಲ್, ಬಿಲಿರುಬಿನ್ ಮತ್ತು ಕಾಮಾಲೆ, ವಿಟಮಿನ್‌ಗಳು, ಆಮ್ಲ-ಪ್ರತ್ಯಾಮ್ಲ, ಇವನ್ನು ಬಿಡಬೇಡಿ. ನಿಮ್ಮ ವಿಭಾಗದ ಯಾರಾದರೊಬ್ಬ ಟೀಚರ್‌ಗೆ ಎರಡು ಇಂಟರ್ನಲ್ಸ್‌ನ ಉತ್ತರಪತ್ರಿಕೆ ತೋರಿಸಿ, ಅಂಕ ಹೋದದ್ದೆಲ್ಲಿ ಎಂದು ಕೇಳಿ. ಹೆದರಬೇಡಿ, ನಮ್ಮಲ್ಲಿ ಬಂದು ಕೇಳುವವರೇ ಕಡಿಮೆ.

ನಾಳೆ ಬೆಳಗಿನ ಹಾಳೆಗೆ ಒಂದು ಕೆಲಸ ಕೊಡುತ್ತೇನೆ. ವರ್ಷಗಟ್ಟಲೆ ಕುಡಿಯುತ್ತಿದ್ದ, ಎರಡು ದಿನದಿಂದ ಏನೂ ತಿನ್ನದ ಒಬ್ಬನನ್ನು ಮಂಚದ ಮೇಲೆ ತಂದು ಮಲಗಿಸಿದ್ದಾರೆ, ಶುಗರ್ 40. ಮದ್ಯವನ್ನು ಉರಿಸುವಾಗ ಯಕೃತ್ತಿನಲ್ಲಿ ಎನ್‌ಎಡಿಎಚ್ ಗುಡ್ಡೆ ಬಿದ್ದಿದೆ. ಗ್ಲೈಕೊಲೈಸಿಸ್ ಕೊನೆಗೆ ಸಿಗುವ ಪೈರುವೇಟ್ ಯಾವ ಕಡೆಗೆ ತಿರುಗಿತು, ಗ್ಲೂಕೋಸ್ ತಯಾರಿ ಯಾಕೆ ನಿಂತಿತು? ಡಾಕ್ಟರು ಗ್ಲೂಕೋಸ್ ಕೊಡುವಾಗ ಜೊತೆಗೆ ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ನೂ ಕೊಟ್ಟರು. ಯಾವ ಗೇಟಿಗೆ? ಬರೆದು ಕಳಿಸಿ, ಕನ್ನಡದಲ್ಲಿ ಬರೆದರೂ ಆದೀತು.